ಕವಲು ಬಿಂದು ಅಂದ್ರೇನು?

ಪ್ಯಾರಲಲ್ ವರ್ಲ್ಡ್, ಅಂದ್ರೆ ನಮ್ಮ ಲೋಕದ ಥರದ್ದೇ ಇನ್ನೊಂದು ಲೋಕದ ಕಥೆಗಳನ್ನ ಓದೋರ ಮಧ್ಯೆ 'ಪಾಯಿಂಟ್ ಆಫ್ ಡೈವರ್ಜೆನ್ಸ್' ಅನ್ನೋ ಮಾತು ತುಂಬಾ ಓಡಾಡತ್ತೆ. ಕನ್ನಡದಲ್ಲಿ ಕವಲು ಬಿಂದು ಅನ್ನಬಹುದು. ಅಲ್ಲೀವರೆಗೂ ಆ ಲೋಕದ ಚರಿತ್ರೆ ಅಂದ್ರೆ ನಮ್ಮದೇ ಚರಿತ್ರೆ, ಅದೇ ಭೂಮಿ, ಅದೇ ಕಾಡು, ಅದೇ ಪ್ರಾಣಿಗಳು, ಆಮೇಲೆ ಒಂದು ಗಳಿಗೇಲಿ ಏನೋ ಬೇರೆ ಥರ ಆಗತ್ತೆ, ಅಲ್ಲಿಂದ ಅವರ ದಾರಿ ಅವರಿಗೆ ನಮ್ಮ ದಾರಿ ನಮಗೆ.

ಎಷ್ಟೋ ಕಥೆಗಳಲ್ಲಿ ಈ ಕವಲು ಯಾವುದೋ ಯುದ್ಧದಲ್ಲಿ ಇರತ್ತೆ. ನಂಗೆ ನಿಜವಾಗ್ಲೂ ರೋಮಾಂಚನ ಆಗೋದು ಅದನ್ನ ಮನುಷ್ಯನ ವಿಕಾಸದಲ್ಲೇ ಇಟ್ಟಾಗ. ಯಾಕಂದ್ರೆ ಸುಮಾರು 60,000 ವರ್ಷದ ಹಿಂದೆ ಈ ಭೂಮಿ ಮೇಲೆ ನಾವೊಬ್ರೇ ಇರ್ಲಿಲ್ಲ, ಬೇರೆ ಬಗೆಯ ಮನುಷ್ಯರೂ ಇದ್ರು, ಯುರೋಪು ಮತ್ತೆ ಪಶ್ಚಿಮ ಏಷ್ಯಾದಲ್ಲಿ ನಿಯಾಂಡರ್ತಾಲರು, ಏಷ್ಯಾದ ಬೇರೆ ಕಡೆ ಡೆನಿಸೋವನ್ನರು, ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಒಂದು ಮೀಟರ್‌ಗಿಂತ ಸ್ವಲ್ಪ ಎತ್ತರದ ಪುಟ್ಟ ಮನುಷ್ಯರು, ಅವರ ಮೂಳೆ ಸಿಕ್ಕಿದ್ದೇ 2003ರಲ್ಲಿ. ನಿಯಾಂಡರ್ತಾಲರು ಮರೆಯಾಗಿದ್ದು ಸುಮಾರು 40,000 ವರ್ಷದ ಹಿಂದೆ. ಅವರು ಉಳಿದು ನಾವು ಅಳಿದಿದ್ರೆ? ಇದೇ ಕವಲು.

ಆದ್ರೆ ಉಳಿದೋರು ಅಳಿದೋರು ಅಂತ ಗೆರೆ ಎಳೆಯೋದೂ ಅಷ್ಟು ಸುಲಭ ಇಲ್ಲ. ಆಫ್ರಿಕಾದ ಆಚೆ ಬೇರು ಇರೋ ಜನರ ಡಿಎನ್ಎನಲ್ಲಿ ಇವತ್ತಿಗೂ ಸುಮಾರು 2% ನಿಯಾಂಡರ್ತಾಲರದ್ದು. ಸೈಬೀರಿಯಾದ ಡೆನಿಸೋವಾ ಗುಹೇಲಿ ಸಿಕ್ಕ ಒಂದು ಮೂಳೆ ಚೂರಿನ ಡಿಎನ್ಎ ನೋಡಿ 2018ರಲ್ಲಿ ಹೇಳಿದ್ದು, ಅದು ಒಬ್ಬ ಹುಡುಗೀದು, ಅಮ್ಮ ನಿಯಾಂಡರ್ತಾಲ್, ಅಪ್ಪ ಡೆನಿಸೋವನ್ ಅಂತ! ಕವಲೊಡೆದ ದಾರಿಗಳು ಮತ್ತೆ ಕೂಡ್ಕೊಂಡಿವೆ, ಆ ಹುಡುಗಿ ಬಗ್ಗೆ ಓದಿದಾಗಿಂದ ಅವಳು ನನ್ನ ತಲೇಲೇ ಇದಾಳೆ.

ಪ್ಯಾರಲಲ್ ವರ್ಲ್ಡ್‌ಗೂ ಕವಲು ಬಿಂದುಗೂ ಇರೋ ವ್ಯತ್ಯಾಸ ಇಷ್ಟೇ, ಅದು ಇನ್ನೊಂದು ಲೋಕ, ಇದು ಆ ಲೋಕ ನಮ್ಮಿಂದ ಬೇರೆಯಾದ ಕ್ಷಣ. 1957ರಲ್ಲಿ ಭೌತವಿಜ್ಞಾನಿ ಹ್ಯೂ ಎವರೆಟ್ ಮುಂದಿಟ್ಟ ಕ್ವಾಂಟಮ್ (ಅತಿ ಸಣ್ಣ ಕಣಗಳ ವಿಜ್ಞಾನದ) ವಿಚಾರದಿಂದ, ಲೋಕಗಳು ಕವಲೊಡೀತಾನೇ ಇರತ್ವೆ ಅನ್ನೋ ಕಥೆಗಾರರ ಕಲ್ಪನೆಗೆ ವಿಜ್ಞಾನದ ಒಂದು ಆಸರೆ ಸಿಕ್ತು, ಆದ್ರೆ ಅಂಥ ಲೋಕಕ್ಕೆ ಹೋಗಿ ಬರೋದು ಮಾತ್ರ ಪೂರ್ತಿ ಕಥೆಗಾರರದ್ದೇ.

ಕವಲು ಆರಿಸೋದಕ್ಕಿಂತ ಅದರ ಹಿಂದೆ ಕೊನೇವರೆಗೂ ಹೋಗೋದು ಕಷ್ಟದ ಕೆಲಸ. ನಿಯಾಂಡರ್ತಾಲರದ್ದು ಗಟ್ಟಿ ಮೈಕಟ್ಟು, ಹೆಚ್ಚು ಆಹಾರ ಬೇಕು, ಇದ್ದಿದ್ದು ಸಣ್ಣ ಸಣ್ಣ ಗುಂಪುಗಳಲ್ಲಿ. ಅವರು ಬೇಸಾಯಕ್ಕೆ ಕೈ ಹಾಕದೇ ಇದ್ರೆ ಊರುಗಳು ಹೇಗೆ ಬೆಳೀತಿದ್ವು, ಗೋಧಿ ಇನ್ನೂ ಕಾಡುಹುಲ್ಲಾಗೇ ಇರ್ತಿತ್ತಾ, ತೋಳ ನಾಯಿ ಆಗ್ತಿತ್ತಾ?