ಎಸಿ ಕೆಡುವುದು ಮಳೆಗಾಲದಲ್ಲಿ, ಗೊತ್ತಾಗುವುದು ಮಾರ್ಚ್‌ನಲ್ಲಿ

ಮಾರ್ಚ್ ಬಂತೆಂದರೆ ಎಸಿ ರಿಪೇರಿ ಮಾಡುವ ನಮ್ಮಂಥವರ ಫೋನಿಗೆ ಬಿಡುವಿಲ್ಲ. ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಎಲ್ಲರದ್ದೂ ಒಂದೇ ಮಾತು: "ತಂಪಾಗುವುದಿಲ್ಲ, ಗ್ಯಾಸ್ ಖಾಲಿಯಾಗಿರಬೇಕು. ಸ್ವಲ್ಪ ತುಂಬಿಸಿ ಕೊಡಿ ಮಾರಾಯ್ರೇ."

ಬೇಸಿಗೆಯಲ್ಲಿ ಓಡಿ ಓಡಿ ಎಸಿ ಕೆಡುತ್ತದೆ ಎಂದು ಜನ ತಿಳಿದಿದ್ದಾರೆ. ನಮ್ಮ ಕಾಸರಗೋಡಿನಲ್ಲಿ ನಾನು ಕಂಡದ್ದು ಬೇರೆ. ಇಲ್ಲಿ ಎಸಿಗೆ ಪೆಟ್ಟು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದೂ ಬಂದ್ ಮಾಡಿ ಇಟ್ಟಾಗ. ಆಟಿ ತಿಂಗಳಲ್ಲಿ ಹೆಚ್ಚಿನವರಿಗೆ ಎಸಿಯ ನೆನಪೇ ಇರುವುದಿಲ್ಲ, ಅಲ್ವಾ? ಆಗ ಹಿಡಿದ ತುಕ್ಕು, ಹಿಡಿದ ಬೂಸ್ಟು, ಒಳಗೆ ಹೊಕ್ಕ ಹಲ್ಲಿ, ಎಲ್ಲದರ ಲೆಕ್ಕ ಸೆಕೆ ಶುರುವಾದ ಮೇಲೆ ಬರುತ್ತದೆ.

ಮೊದಲು ಗ್ಯಾಸಿನ ವಿಷಯ. ಹೆಚ್ಚು ದುಡ್ಡು ಸುಮ್ನೆ ಹೋಗುವುದು ಅಲ್ಲಿ.

ಎಸಿಯ ಗ್ಯಾಸು ಬೈಕಿನ ಪೆಟ್ರೋಲಿನ ಹಾಗೆ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ತಾಮ್ರದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತಾ ಇರುತ್ತದೆ. ಕೋಣೆಯೊಳಗಿನ ಯೂನಿಟ್ಟಿನ ಕಾಯಿಲ್‌ನಲ್ಲಿ, ಅಂದರೆ ಬಾಗಿಸಿ ಸುತ್ತಿದ ಪೈಪಿನಲ್ಲಿ, ಬಿಸಿ ಹೀರಿಕೊಳ್ಳುತ್ತದೆ. ಹೊರಗೋಡೆಯ ಯೂನಿಟ್ಟಿನ, ಅಂದರೆ ಔಟ್‌ಡೋರಿನ, ಕಾಯಿಲ್‌ನಲ್ಲಿ ಬಿಡುತ್ತದೆ. ಹತ್ತು ವರ್ಷ ಓಡಿದರೂ ಒಂದು ಗ್ರಾಂ ಕಡಿಮೆಯಾಗಬೇಕಾಗಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಲೀಕ್ ಉಂಟು. ಲೀಕ್ ಹುಡುಕದೆ ಗ್ಯಾಸ್ ತುಂಬಿಸಿದರೆ ಮುಂದಿನ ವರ್ಷವೂ ತುಂಬಿಸಬೇಕು.

ಉಪ್ಪಳದ ಹತ್ತಿರ, ಕಡಲಿಗೆ ಮುಖ ಮಾಡಿದ ಒಂದು ಮನೆ. ರಿಟೈರ್ ಆದ ಮಾಷ್ಟ್ರು ಪ್ರತಿ ವರ್ಷ ಗ್ಯಾಸ್ ತುಂಬಿಸುತ್ತಿದ್ದರು. ಪಡುಬದಿಯ ಗೋಡೆಯಲ್ಲಿ, ಸನ್‌ಶೇಡಿನ ಅಡಿಯಲ್ಲಿ ಔಟ್‌ಡೋರ್ ಇತ್ತು. ಹಿಂಬದಿಯ ಅಲ್ಯುಮಿನಿಯಂ ಫಿನ್ನನ್ನು, ಅಂದರೆ ಕಾಯಿಲ್ ಮೇಲಿನ ತೆಳು ಹಾಳೆಯನ್ನು, ಬೆರಳಿನಿಂದ ಮುಟ್ಟಿದೆ. ಬಿಳಿ ಪುಡಿಯಾಗಿ ಉದುರಿತು. ಬದಿಯಲ್ಲಿ ಪೈಪು ಬಾಗುವ ಜಾಗದಲ್ಲಿ ಕಪ್ಪಗೆ ಜಿಡ್ಡು, ಅದಕ್ಕೆ ಅಂಟಿದ ಧೂಳು.

"ಎಂತದ್ದು ಅದು, ಎಣ್ಣೆಯಾ?" ಎಂದು ಕೇಳಿದರು.

"ಹೌದು ಮಾಷ್ಟ್ರೇ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಎಣ್ಣೆ. ಗ್ಯಾಸು ಹೋಗುವಾಗ ಅದನ್ನೂ ಸ್ವಲ್ಪ ಕರಕೊಂಡು ಹೋಗ್ತದೆ."

ಸೋಪಿನ ನೊರೆ ಹಚ್ಚಿ ಕಾದೆವು. ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಬಂದವು. ಗ್ಯಾಸು ವರ್ಷವಿಡೀ ಹೋಗುತ್ತಿದ್ದದ್ದು ಅಲ್ಲಿಂದ. ನೀವೂ ಇದನ್ನು ನೋಡಬಹುದು. ಸ್ವಿಚ್ ಆಫ್ ಮಾಡಿ, ಪೈಪು ಸೇರುವ ನಟ್ಟುಗಳ ಹತ್ತಿರ, ಕಾಯಿಲ್ ಬಾಗುವ ಕಡೆ ಟಾರ್ಚ್ ಬಿಡಿ. ಒಣ ಧೂಳಿದ್ದರೆ ಚಿಂತೆ ಇಲ್ಲ. ಜಿಡ್ಡು ಧೂಳಿದ್ದರೆ ಸಂಶಯ ಪಡಿ.

ಉಪ್ಪುಗಾಳಿ ಮಾಡುವ ಕೆಲಸ ಇದು. ತಾಮ್ರ ಮತ್ತು ಅಲ್ಯುಮಿನಿಯಂ ಒಂದಕ್ಕೊಂದು ತಾಗಿ ಕುಳಿತಿವೆ. ಮೇಲೆ ಉಪ್ಪುನೀರು ಬಿದ್ದರೆ ಎರಡರ ನಡುವೆ ಸಣ್ಣ ಬ್ಯಾಟರಿಯ ಕೆಲಸ ಶುರು. ಅದರಲ್ಲಿ ಸವೆಯುವುದು ಅಲ್ಯುಮಿನಿಯಂ. ಫಿನ್ ಉದುರಿದರೆ ಬಿಸಿ ಹೊರಗೆ ಹೋಗುವುದಿಲ್ಲ, ಕಂಪ್ರೆಸರಿಗೆ ಭಾರ ಹೆಚ್ಚುತ್ತದೆ, ಬಿಲ್ಲು ಏರುತ್ತದೆ. ನೀಲಿ ಕೋಟಿಂಗ್ ಇರುವ ಕಾಯಿಲ್ ಜಾಸ್ತಿ ಬಾಳುತ್ತದೆ ನಿಜ, ಆದರೆ ಕೋಟಿಂಗ್ ಗೀರಿದ ಕಡೆ ಕಥೆ ಅದೇ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯ ಉಂಟು. ಸನ್‌ಶೇಡಿನ ಅಡಿಯಲ್ಲಿದ್ದರೆ ಔಟ್‌ಡೋರ್ ಸುರಕ್ಷಿತ ಎಂದು ಎಲ್ಲರಿಗೂ ಅನಿಸುತ್ತದೆ. ಕಡಲ ಬದಿಯಲ್ಲಿ ಅದು ಉಲ್ಟಾ. ಮಳೆಗೆ ನೆನೆಯುವ ಔಟ್‌ಡೋರ್ ತಾನೇ ತೊಳೆದುಕೊಳ್ಳುತ್ತದೆ. ಮಾಡಿನ ಅಡಿಯಲ್ಲಿರುವುದಕ್ಕೆ ಗಾಳಿ ಉಪ್ಪನ್ನು ತಂದು ಹಾಕುತ್ತದೆ, ಮಳೆ ತೊಳೆಯುವುದಿಲ್ಲ. ಪ್ಲಾಸ್ಟಿಕ್ ಟಾರ್ಪಾಲು ಸುತ್ತಿ ಕಟ್ಟುವುದಂತೂ ಬೇಡವೇ ಬೇಡ. ತೇವ ಒಳಗೇ ನಿಂತು ಇನ್ನೂ ಬೇಗ ತುಕ್ಕು. ಇಲಿಗೂ ಒಳ್ಳೆಯ ಮನೆ. ಕಡಲು ಕಾಣುವ ಮನೆಯಾದರೆ ತಿಂಗಳಿಗೊಮ್ಮೆ ಮೈನ್ ಆಫ್ ಮಾಡಿ ಕಾಯಿಲ್‌ಗೆ ಬಾವಿಯ ಸಿಹಿನೀರನ್ನು ಪೈಪಿನಲ್ಲಿ ಮೆಲ್ಲಗೆ ಬಿಡಿ. ಬೈಕ್ ತೊಳೆಯುವ ಪ್ರೆಷರ್ ಪಂಪು ಬೇಡ, ಫಿನ್ ಮಡಚುತ್ತದೆ. ಹೊಸದಾಗಿ ಕೂರಿಸುವುದಾದರೆ ಪಡು ಗೋಡೆ ಬಿಟ್ಟು ಮೂಡು ಗೋಡೆ ನೋಡಿ.

ಕಡಲಿನಿಂದ ಒಳಗಿರುವ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಉಪ್ಪುಗಾಳಿಯ ಕಾಟ ಕಡಿಮೆ. ಆದರೆ ಅಲ್ಲಿ ಅಡಿಕೆ ತೋಟ ಉಂಟಲ್ಲ! ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನಲ್ಲಿ ಮೈಲುತುತ್ತ ಇರುತ್ತದೆ, ಅಂದರೆ ತಾಮ್ರ. ಅದು ಗಾಳಿಗೆ ಹಾರಿ ಬಂದು ಫಿನ್ ಮೇಲೆ ಕೂತರೆ ಅಲ್ಯುಮಿನಿಯಂಗೆ ಒಳ್ಳೆಯದಲ್ಲ. ಔಟ್‌ಡೋರ್ ತೋಟದ ಅಂಚಿಗಿದ್ದರೆ ಮದ್ದು ಬಿಡುವ ಹೊತ್ತಿಗೆ ಮಾತ್ರ ಒಂದು ಗೋಣಿ ಹೊದಿಸಿ, ಕೆಲಸ ಮುಗಿದ ಮೇಲೆ ತೆಗೆದು ತೊಳೆಯಿರಿ.

ಲೀಕ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಮುಂದಿನ ಕೆಲಸವನ್ನು ಹತ್ತಿರ ನಿಂತು ನೋಡಿ, ನಾಚಿಕೆ ಬೇಡ. ಒಳಗೆ ಉಳಿದ ಗ್ಯಾಸು ತೆಗೆಯದೆ ವೆಲ್ಡಿಂಗ್ ಬೆಂಕಿ ಹಚ್ಚಬಾರದು. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಗ್ಯಾಸಿಗೆ ಬೆಂಕಿ ಹಿಡಿಯುವ ಗುಣ ಸ್ವಲ್ಪ ಉಂಟು. ವೆಲ್ಡಿಂಗ್ ಆದ ಮೇಲೆ ನೈಟ್ರೋಜನ್ ತುಂಬಿ ಪ್ರೆಷರ್ ನಿಲ್ಲುತ್ತದಾ ಎಂದು ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪು ಹಾಕಿ ಒಳಗಿನ ಗಾಳಿ ಮತ್ತು ತೇವ ಎಳೆಯಬೇಕು. ನಮ್ಮ ಹವೆಯಲ್ಲಿ ಈ ಹಂತ ಬಿಟ್ಟರೆ ಪೈಪಿನೊಳಗೆ ನೀರಿನಂಶ ಉಳಿದು ಎಣ್ಣೆ ಹಾಳಾಗುತ್ತದೆ, ಕೊನೆಗೆ ಕಂಪ್ರೆಸರ್ ಹೋಗುತ್ತದೆ. ಇಷ್ಟೆಲ್ಲ ಆದ ಮೇಲೆ ಗ್ಯಾಸು ತುಂಬಿಸುವುದು. ಎಷ್ಟು ಗ್ರಾಂ ಎಂದು ಔಟ್‌ಡೋರಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ, ತಕ್ಕಡಿಯಲ್ಲಿ ತೂಗಿ ಹಾಕಬೇಕು. ಬರೀ ಪ್ರೆಷರ್ ಗೇಜ್ ನೋಡಿ ಅಂದಾಜಿಗೆ ಹಾಕುವವರ ಕೈಗೆ, ಕಂಪ್ರೆಸರಿನ ವೇಗ ಹೆಚ್ಚು ಕಡಿಮೆಯಾಗುವ ಇನ್ವರ್ಟರ್ ಎಸಿ ಕೊಡಬೇಡಿ. ಹಳೆಯ ಆರ್-22 ಗ್ಯಾಸಿನ ಎಸಿಯಲ್ಲಿ ಕಾಯಿಲೇ ಹೋಗಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ ಎಂದೇ ನಾನು ಹೇಳುತ್ತೇನೆ. ಓಝೋನ್ ಪದರಕ್ಕೆ ತೊಂದರೆ ಎಂದು ಆ ಗ್ಯಾಸನ್ನು ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರ ಹೊತ್ತಿಗೆ ಬಹುಮಟ್ಟಿಗೆ ನಿಲ್ಲಿಸಲಿಕ್ಕುಂಟು.

ತಂಪು ಕಡಿಮೆ ಎಂದಾಕ್ಷಣ ಗ್ಯಾಸೇ ಎಂದುಕೊಳ್ಳಲೂಬಾರದು. ಫಿಲ್ಟರ್ ಕಟ್ಟಿದ್ದರೂ ಹಾಗೇ ಆಗುತ್ತದೆ. ಹೈವೇ ಕೆಲಸ ನಡೆಯುತ್ತಿದ್ದಾಗ ರಸ್ತೆ ಬದಿಯ ಮನೆಗಳ ಫಿಲ್ಟರ್ ತೆಗೆದರೆ ಕೆಂಪು ಕಂಬಳಿ! ಗಾಳಿ ಹೋಗದಿದ್ದರೆ ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಗ್ಯಾಸ್ ಕಡಿಮೆಯಾದರೂ ಕಟ್ಟುತ್ತದೆ. ಹಾಗಾಗಿ ಮೊದಲು ಫಿಲ್ಟರ್ ತೊಳೆಯಿರಿ, ಫ್ಯಾನ್ ಮಾತ್ರ ಹಾಕಿ ಮಂಜು ಕರಗಲಿ. ಚಾಕು, ಸ್ಕ್ರೂ ಡ್ರೈವರ್ ಹಾಕಿ ಕೆದಕಬೇಡಿ. ಮತ್ತೆ ಓಡಿಸಿದಾಗ ಔಟ್‌ಡೋರಿನ ಸಪೂರ ಪೈಪಿನ ನಟ್ಟಿನ ಹತ್ತಿರ ಬಿಳಿ ಮಂಜು ಬಂದರೆ ಆಗ ಗ್ಯಾಸಿನ ಮೇಲೆ ಸಂಶಯ ಪಡಬಹುದು. ಔಟ್‌ಡೋರ್ ಗುಂಯ್ ಎನ್ನುತ್ತದೆ, ಶುರುವಾಗುವುದಿಲ್ಲ ಎಂದಾದರೆ ಹಳೇ ಮಾಡೆಲ್‌ಗಳಲ್ಲಿ ಹೆಚ್ಚಾಗಿ ಮೋಟಾರು ಶುರು ಮಾಡಲು ಸಹಾಯ ಮಾಡುವ ಕೆಪಾಸಿಟರ್ ಹೋಗಿರುತ್ತದೆ. ಕಡಿಮೆ ಖರ್ಚಿನ ಕೆಲಸ, ಆದರೆ ಸ್ವಿಚ್ ಆಫ್ ಮಾಡಿದರೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ನೀವು ಕೈ ಹಾಕಬೇಡಿ.

ಇನ್ನು ಒಳಗಿನ ಯೂನಿಟ್ಟು. ನಮ್ಮ ಹವೆಯಲ್ಲಿ ಒಂದೂವರೆ ಟನ್ ಎಸಿ ಗಂಟೆಗೆ ಒಂದೆರಡು ಲೀಟರ್ ನೀರು ಇಳಿಸುವುದು ಸಾಮಾನ್ಯ. ಅದೆಲ್ಲ ಗಾಳಿಯಲ್ಲಿದ್ದ ತೇವ. ಬೆವರು ಒಣಗಿ ಹಾಯೆನಿಸುವುದು ಅರ್ಧ ಈ ಕಾರಣಕ್ಕೆ. ಸೆಕೆಯ ದಿನ ಎಸಿ ಚೆನ್ನಾಗಿ ಓಡುತ್ತಿದ್ದು, ಡ್ರೈನ್ ಪೈಪಿನಿಂದ ನೀರೇ ಬರುತ್ತಿಲ್ಲವಾದರೆ ಎರಡರಲ್ಲಿ ಒಂದು. ಒಂದೋ ಕಾಯಿಲ್ ತಂಪಾಗುತ್ತಿಲ್ಲ, ಇಲ್ಲವೇ ನೀರು ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಗೋಡೆಯಲ್ಲಿ ಇಳಿಯಲಿಕ್ಕುಂಟು. ಡ್ರೈನ್ ಪೈಪಿನ ತುದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದು ಇಲ್ಲಿ ಮಾಮೂಲು. ತುದಿಗೆ ಸೊಳ್ಳೆ ಬಲೆಯ ತುಂಡೊಂದನ್ನು ಸಡಿಲವಾಗಿ ಕಟ್ಟಿ, ಆಗಾಗ ತೆಗೆದು ತೊಳೆಯಿರಿ, ಅದಕ್ಕೂ ಲೋಳೆ ಹಿಡಿಯುತ್ತದೆ.

ಮಳೆಗಾಲದಲ್ಲೂ ಎಸಿ ಹಾಕುವವರಿಂದ ಬರುವುದು ವಾಸನೆಯ ದೂರು. ಒದ್ದೆ ಕಾಯಿಲನ್ನು ಹಾಗೇ ಬಂದ್ ಮಾಡಿದರೆ ರಾತ್ರಿ ಬೆಳಗಾಗುವುದರೊಳಗೆ ಬೂಸ್ಟಿಗೆ ದಾರಿ. ಮಲಗುವ ಮೊದಲು ಟೈಮರ್ ಇಟ್ಟು ಆಫ್ ಮಾಡುವವರು ಕೊನೆಯ ಅರ್ಧ ಗಂಟೆ ಫ್ಯಾನ್ ಮೋಡ್ ಓಡುವ ಹಾಗೆ ಮಾಡಿ. ಆಟೋ ಕ್ಲೀನ್ ಇದ್ದರೆ ಅದೇ ಸಾಕು. ಚಿಕ್ಕ ಕೋಣೆಗೆ ದೊಡ್ಡ ಎಸಿ ಹಾಕಿಸಿದವರಿಗೆ ಈ ಕಾಟ ಜಾಸ್ತಿ. ಎರಡು ಟನ್ ಎಸಿ ಹತ್ತು ನಿಮಿಷದಲ್ಲಿ ತಂಪು ಮಾಡಿ ನಿಂತುಬಿಡುತ್ತದೆ, ತೇವ ಎಳೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗಿದ್ದರೂ ಹಾಸಿಗೆ ತಂಡಿ. ಮಳೆಗಾಲದಲ್ಲಿ ಡ್ರೈ ಮೋಡ್ ಹಾಕಿ, ರಿಮೋಟಿನಲ್ಲಿ ನೀರಹನಿಯ ಗುರುತು ಇರುವುದು ಅದೇ. ಅಂದ ಹಾಗೆ, ಹೀಟಿಂಗ್ ಕೂಡ ಇರುವ ಎಸಿ ತೆಗೆದುಕೊಳ್ಳಬೇಕಾ ಎಂದು ಕೇಳುವವರಿದ್ದಾರೆ. ಬೇಡ. ನಮ್ಮೂರಲ್ಲಿ ಬಿಸಿ ಬೇಕಾದದ್ದು ಬಚ್ಚಲಿನ ಹಂಡೆಗೆ ಮಾತ್ರ.

ಗಲ್ಫ್‌ನಲ್ಲಿರುವವರ ಮನೆಗಳದ್ದೇ ಬೇರೆ ಕಥೆ. ಅಲ್ಲಿ ಶಾಲೆಗೆ ರಜೆ ಜುಲೈ-ಆಗಸ್ಟ್‌ನಲ್ಲಿ. ಇಲ್ಲಿ ಮಳೆ ಧೋ ಎಂದು ಸುರಿಯುವಾಗ ಊರಿಗೆ ಬಂದು, ಹತ್ತು ತಿಂಗಳು ಮುಚ್ಚಿದ್ದ ಎಸಿಯನ್ನು ಒಮ್ಮೆಲೇ ಓಡಿಸುತ್ತಾರೆ. ಔಟ್‌ಡೋರಿನ ಪಿಸಿಬಿ, ಅಂದರೆ ಎಲೆಕ್ಟ್ರಾನಿಕ್ ಬೋರ್ಡು, ಬಿಚ್ಚಿದರೆ ಎರಡು ಟರ್ಮಿನಲ್‌ಗಳಿಗೆ ಅಡ್ಡವಾಗಿ ಒಣಗಿ ಅಂಟಿಕೊಂಡ ಹಲ್ಲಿ, ಸುತ್ತ ಕರಿ, ಕೆಲವು ಸಲ ಇರುವೆ ಗೂಡು. ಬೋರ್ಡಿನ ಬೆಲೆ ಕೇಳಿದರೆ ಮತ್ತೆ ಸೆಕೆ! ಪೈಪು ಗೋಡೆ ದಾಟುವ ತೂತನ್ನು ಎಂ-ಸೀಲ್ ಅಥವಾ ಪುಟ್ಟಿ ಹಾಕಿ ಮುಚ್ಚಿಸಿ. ಆ ತೂತು ಹೊರಬದಿಗೆ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಪಡುವಣ ಗಾಳಿಗೆ ಮಳೆ ನೀರು ಸೀದಾ ಒಳಗೆ. ಬೀಗದ ಕೈ ಯಾರ ಹತ್ತಿರ ಉಂಟೋ ಅವರಿಗೆ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಎಸಿ ಓಡಿಸಲು ಹೇಳಿ. ಬೋರ್ಡು ಬೆಚ್ಚಗಾಗಿ ತೇವ ಆರುತ್ತದೆ. ರಿಮೋಟಿನ ಸೆಲ್ ತೆಗೆದಿಟ್ಟು ಹೋಗಿ.

ಸರ್ವಿಸ್ ವರ್ಷಕ್ಕೊಮ್ಮೆ ಮಾತ್ರ ಎಂದಾದರೆ ಮಳೆ ಇಳಿದ ಕೂಡಲೇ ಮಾಡಿಸಿ. ಉಪ್ಪು, ಬೂಸ್ಟು ಆರು ತಿಂಗಳು ಹೆಚ್ಚು ಕೂರುವುದು ತಪ್ಪುತ್ತದೆ. ನಮಗೂ ಆಗ ಪುರುಸೊತ್ತು ಉಂಟು.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗಿನ ಮಳೆ ಬೋರ್ಡುಗಳಿಗೆ ಎರಡನೇ ಗಂಡಾಂತರ. ಸಂಜೆ ಹೊತ್ತು ಸಿಡಿಲು ಹತ್ತಿರವೇ ಬೀಳುತ್ತದೆ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗು ತೆಗೆಯಿರಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನೊಳಗಿನ ಸಣ್ಣ ಸಂದು ಸಿಡಿಲಿಗೆ ಲೆಕ್ಕಕ್ಕಿಲ್ಲ. ಎಸಿಗೆ ಪ್ಲಗ್ಗಿಲ್ಲದೆ ಗೋಡೆಯ ಐಸೊಲೇಟರ್ ಸ್ವಿಚ್ಚಿಗೆ ನೇರ ಕೊಟ್ಟಿದ್ದರೆ ಮೈನ್ ಬೋರ್ಡಿನಲ್ಲಿ, ಸಿಡಿಲಿನಿಂದ ನುಗ್ಗುವ ಕರೆಂಟನ್ನು ನೆಲಕ್ಕೆ ಇಳಿಸುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದು ಕೆಲಸ ಮಾಡಬೇಕಾದರೆ ಅರ್ಥಿಂಗ್ ಸರಿ ಇರಬೇಕು. ನಮ್ಮ ಮುರಕಲ್ಲು ನೆಲ ಒಣಗಿದರೆ ಅರ್ಥ್ ಸರಿಯಾಗಿ ಸಿಗುವುದಿಲ್ಲ. ಸಿಡಿಲು ಏಪ್ರಿಲ್-ಮೇಯಲ್ಲೂ ಬರುತ್ತದೆ, ನೆಲ ಒಣಗಿರುವುದೂ ಆಗಲೇ. ಅರ್ಥಿಂಗ್ ಗುಂಡಿ ಎಲ್ಲುಂಟು ಎಂದು ವೈರಿಂಗ್ ಮಾಡಿದವರ ಹತ್ತಿರ ಕೇಳಿಟ್ಟುಕೊಳ್ಳಿ. ಕೆಲವು ಮನೆಗಳಲ್ಲಿ ಅದರ ಮೇಲೆ ಇಂಟರ್‌ಲಾಕ್ ಹಾಸಿಬಿಟ್ಟಿರುತ್ತಾರೆ. ಹಾಗಿದ್ದರೆ ಒಂದು ಕಲ್ಲು ಎಬ್ಬಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡಪಾನ ನೀರು ಹೊಯ್ಯಿರಿ.