ಏಳಂಕಿಯ ನೆನಪು, ಎರಡು ಸೆಕೆಂಡಿನ ನಾಲಿಗೆ

ಅಂಗಡಿಯಲ್ಲಿ ಮೊಬೈಲ್ ನಂಬರ್ ಕೇಳಿ ನೋಡಿ. ಅಲ್ಲಿಯವರೆಗೆ ಅಚ್ಚಗನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದವರೂ ‘ನೈನ್ ಏಟ್ ಫೋರ್’ ಎಂದೇ ಶುರು ಮಾಡುತ್ತಾರೆ. ಇಂಗ್ಲಿಷ್ ವ್ಯಾಮೋಹ ಎಂದು ಬೈಯುವ ಮೊದಲು ಒಮ್ಮೆ ಎಣಿಸಿ: ಒಂದರಿಂದ ಒಂಬತ್ತರವರೆಗೆ ಹೇಳಲು ಇಂಗ್ಲಿಷಿನಲ್ಲಿ ಉಚ್ಚಾರದ ತುಣುಕು 10, ಕನ್ನಡದಲ್ಲಿ 20. (ಆಡುಮಾತು ‘ನಾಕು’, ‘ಯರ್ಡು’ ಎಂದು ಕೊಂಚ ಮೊಟಕುಗೊಳಿಸುತ್ತದೆ, ನಿಜ.)

ಬುದ್ಧಿ ಅಳೆಯುವವರಿಗೆ ಈ ಲೆಕ್ಕ ತಲೆನೋವಾಗಲು ಬಹಳ ಕಾಲ ಹಿಡಿಯಿತು.

ಅಂಕಿ ಒಪ್ಪಿಸುವ ಪರೀಕ್ಷೆ 1887ರದು. ಲಂಡನ್ನಿನಲ್ಲಿ ಜೋಸೆಫ್ ಜೇಕಬ್ಸ್ ಶಾಲಾಮಕ್ಕಳಿಗೆ ಅಂಕಿಗಳನ್ನು ಓದಿಹೇಳಿ, ಅದೇ ಸರದಿಯಲ್ಲಿ ಎಷ್ಟು ಒಪ್ಪಿಸುತ್ತಾರೆಂದು ನೋಡಿದರು. ಭಾರತದ ಜನಪದ ಕಥೆಗಳನ್ನು ಇಂಗ್ಲಿಷಿನಲ್ಲಿ ಸಂಕಲಿಸಿದ ಜೇಕಬ್ಸ್ ಇವರೇ. 1905ರಲ್ಲಿ ಪ್ಯಾರಿಸ್ಸಿನ ಬಿನೆ, ಸಿಮೋನ್ ತಮ್ಮ ಬುದ್ಧಿಮಾಪಕಕ್ಕೆ ಇದನ್ನು ಸೇರಿಸಿಕೊಂಡರು. ಆ ಮಾಪಕವನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ ಧಾರವಾಡದಲ್ಲಿ ನಡೆಸಿದ ಕೆಲಸವನ್ನು ವಿ. ವಿ. ಕಾಮತ್ 1934ರಲ್ಲಿ ಪ್ರಕಟಿಸಿದರು. ‘ಬಿನೆ–ಕಾಮತ್’ ಹೆಸರು ಈಗಲೂ ಚಾಲ್ತಿಯಲ್ಲಿದೆ. 1939ರ ವೆಕ್ಸ್ಲರ್ ಪರೀಕ್ಷೆಯಲ್ಲಿ ಅಂಕಿಗಳನ್ನು ಉಲ್ಟಾ ಒಪ್ಪಿಸುವುದೂ ಇತ್ತು. ನೇರಕ್ಕೆ ಗಮನ ಸಾಕು. ಉಲ್ಟಾ ಹೇಳಬೇಕಾದರೆ ಅಂಕಿಗಳನ್ನು ಮನಸ್ಸಿನಲ್ಲೇ ಹಿಡಿದಿಟ್ಟು ತಿರುವಿ ಹಾಕಬೇಕು.

ಒಮ್ಮೆಗೆ ನೆನಪಿನಲ್ಲಿ ಎಷ್ಟು ನಿಲ್ಲುತ್ತದೆ ಎಂಬುದಕ್ಕೆ 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ‘ಏಳು, ಎರಡು ಹೆಚ್ಚುಕಮ್ಮಿ’ ಎಂದದ್ದು ಗಾದೆಯಂತೆ ಉಳಿಯಿತು. ಆದರೆ 1975ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು ತೋರಿಸಿದ್ದೇ ಬೇರೆ: ಸುಮಾರು ಎರಡು ಸೆಕೆಂಡಿನಲ್ಲಿ ಎಷ್ಟು ಪದ ಹೇಳಬಲ್ಲೆವೋ ಹೆಚ್ಚುಕಡಿಮೆ ಅಷ್ಟೇ ನೆನಪಿನಲ್ಲಿ ನಿಲ್ಲುತ್ತದೆ. ಐದು ವರ್ಷದ ನಂತರ ವೇಲ್ಸ್‌ನಲ್ಲಿ ಎಲಿಸ್ ಮತ್ತು ಹೆನಲಿ ದ್ವಿಭಾಷಿಕರನ್ನು ಪರೀಕ್ಷಿಸಿದರು. ಅವರಿಗೆ ವೆಲ್ಷ್ ಅಂಕಿಗಳಿಗಿಂತ ಇಂಗ್ಲಿಷ್ ಅಂಕಿಗಳೇ ಹೆಚ್ಚು ನೆನಪಿದ್ದವು. ಕಾರಣ, ವೆಲ್ಷ್ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಬೇಕು. ಒಳಗೊಳಗೇ ಉರು ಹೊಡೆಯದಂತೆ ಬಾಯಿಗೆ ಬೇರೆ ಕೆಲಸ ಕೊಟ್ಟಾಗ ಆ ವ್ಯತ್ಯಾಸವೇ ಮಾಯ.

ಅಂದರೆ ಇಂಗ್ಲಿಷಿನ ಮಾನದಂಡ ಹಿಡಿದು ಕನ್ನಡದ ಮಗುವಿಗೆ ‘ನೆನಪು ಕಡಿಮೆ’ ಎಂದು ಬರೆದರೆ, ಅಳೆದದ್ದು ನೆನಪನ್ನೋ ‘ಒಂಬತ್ತು’ ಎಂಬ ಪದದ ಉದ್ದವನ್ನೋ? ಮಾತೇ ಬೇಡವೆಂದು 1938ರಲ್ಲಿ ರೇವನ್ ಬರೀ ಆಕೃತಿಗಳಿಂದ ತರ್ಕಶಕ್ತಿ ಅಳೆಯಲು ಹೊರಟರು. ಅಲ್ಲಿ ಬೇರೆ ತೊಡಕುಗಳಿವೆ, ಶಾಲೆಯಲ್ಲಿ ಎಷ್ಟು ಓದಿದ್ದಾರೆ ಎಂಬುದರದೇ ದೊಡ್ಡದು.

ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ, ನೆನಪು–ಗಮನದಂಥ ಶಕ್ತಿಗಳನ್ನು ಅಳೆಯುವ ಪರೀಕ್ಷಾಗುಚ್ಛದಲ್ಲಿ ಫಲಿತಾಂಶವನ್ನು ವಯಸ್ಸು, ಲಿಂಗ, ಓದು ನೋಡಿಯೇ ತೂಗಬೇಕು. ಅದರ ಒಂದು ಪರೀಕ್ಷೆಯಲ್ಲಿ ಅಂಕಿಗಳೇ ಇಲ್ಲ. ಭಾರತದ ಹಲವು ಭಾಷೆಗಳಿಗೆ ಸಮಾನವಾದ 30 ವ್ಯಂಜನಗಳನ್ನು ಸೆಕೆಂಡಿಗೊಂದರಂತೆ ಹೇಳುತ್ತಾರೆ. ಒಂದೇ ಅಕ್ಷರ ಬೆನ್ನುಬೆನ್ನಿಗೆ ಮತ್ತೆ ಬಂದಾಗ ಎದುರು ಕೂತವರು ಮೇಜು ತಟ್ಟಬೇಕು.