ಯೂನಿಟ್ಟಿಗೆ ಎಷ್ಟು ಹಾನಿ? ಶಕ್ತಿಮೂಲಗಳ ಪರಿಸರ ಲೆಕ್ಕ ಹಾಕುವ ಬಗೆ

ಶಕ್ತಿಮೂಲಗಳನ್ನು ಹೋಲಿಸಿ ಎಂದರೆ ಬಹಳಷ್ಟು ಉತ್ತರಗಳು "ಕಲ್ಲಿದ್ದಲು ಕೊಳಕು, ಸೌರ ಶುದ್ಧ" ಎನ್ನುವಲ್ಲಿಗೆ ನಿಂತುಬಿಡುತ್ತವೆ. ಪೂರ್ತಿ ಶುದ್ಧವಾದ ಮೂಲ ಒಂದೂ ಇಲ್ಲ. ಒಂದು ಗಾಳಿಯನ್ನು ಕೆಡಿಸುತ್ತದೆ, ಇನ್ನೊಂದು ನದಿಯನ್ನು, ಮತ್ತೊಂದಕ್ಕೆ ಎಕರೆಗಟ್ಟಲೆ ನೆಲ ಬೇಕು. ಹಾಗೆಂದು ಎಲ್ಲವೂ ಒಂದೇ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಕೆಲವು ಅಂತರಗಳು ಹತ್ತಾರು ಪಟ್ಟು ಇವೆ.

ಮೊದಲು ಅಳತೆ ಸರಿಮಾಡಿಕೊಳ್ಳಿ

ಹೋಲಿಕೆ ಮೆಗಾವಾಟ್‌ಗೆ ಅಲ್ಲ, ಉತ್ಪಾದನೆಯಾದ ಯೂನಿಟ್ಟಿಗೆ (1 ಯೂನಿಟ್ = 1 ಕಿಲೋವಾಟ್-ಗಂಟೆ). ವರ್ಷಕ್ಕೆ 8,760 ಗಂಟೆ. 1 ಮೆಗಾವಾಟ್ ಸೌರ ಸ್ಥಾವರ ತನ್ನ ಸಾಮರ್ಥ್ಯದ 20% ಮಾತ್ರ ಕೊಟ್ಟರೆ 1,000 × 8,760 × 0.20 = 17,52,000 ಯೂನಿಟ್. ಅಷ್ಟೇ ಸಾಮರ್ಥ್ಯದ ಅಣುಸ್ಥಾವರ 85% ಕೊಟ್ಟರೆ 74,46,000 ಯೂನಿಟ್. ಕಾಗದದ ಮೇಲಿನ ಸಾಮರ್ಥ್ಯ ಒಂದೇ, ಸಿಗುವ ವಿದ್ಯುತ್ತಿನಲ್ಲಿ ನಾಲ್ಕು ಪಟ್ಟಿಗೂ ಮೀರಿದ ವ್ಯತ್ಯಾಸ.

ಎರಡನೆಯದು ಲೆಕ್ಕದ ಗಡಿ. ಚಿಮಣಿಯನ್ನಷ್ಟೇ ನೋಡಿದರೆ ಸೌರ, ಪವನ, ಅಣು ಮೂರಕ್ಕೂ ಸೊನ್ನೆ ಬರುತ್ತದೆ. ಅದು ಸುಳ್ಳು ಸೊನ್ನೆ. ಗಣಿಗಾರಿಕೆ, ತಯಾರಿಕೆ, ಕಟ್ಟಡ, ಇಂಧನ ಸಾಗಣೆ, ಕೊನೆಗೆ ಸ್ಥಾವರ ಕಳಚುವುದರವರೆಗೆ ಎಣಿಸಬೇಕು. ಹಾಗೆ ಎಣಿಸಿ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿ 2014ರ ವರದಿಯಲ್ಲಿ ಕೊಟ್ಟ ಮಧ್ಯಮ ಅಂಕಿಗಳು, ಯೂನಿಟ್ಟಿಗೆ ಗ್ರಾಂ ಇಂಗಾಲದ ಡೈಆಕ್ಸೈಡ್ ಸಮಾನದಲ್ಲಿ (ಮೀಥೇನಿನಂಥ ಬೇರೆ ಅನಿಲಗಳ ಪರಿಣಾಮವನ್ನೂ ಡೈಆಕ್ಸೈಡಿನ ಲೆಕ್ಕಕ್ಕೆ ತಂದು ಕೂಡಿಸಿದ್ದು): ಕಲ್ಲಿದ್ದಲು 820, ನೈಸರ್ಗಿಕ ಅನಿಲ 490, ಜೈವಿಕ ಇಂಧನ 230, ದೊಡ್ಡ ಸೌರ ಸ್ಥಾವರ 48, ಭೂಶಾಖ 38, ಜಲವಿದ್ಯುತ್ 24, ಅಣು 12, ನೆಲದ ಮೇಲಿನ ಪವನ 11.

ಇವನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದನ್ನಾದರೂ ಕೈಯಾರೆ ಲೆಕ್ಕ ಹಾಕಿ. 1 ಕೆಜಿ ಒಳ್ಳೆಯ ಕಲ್ಲಿದ್ದಲಿನಲ್ಲಿ 24 ಮೆಗಾಜೂಲ್, ಅಂದರೆ 6.67 ಯೂನಿಟ್ ಶಾಖ. 35% ದಕ್ಷತೆಯಲ್ಲಿ 2.33 ಯೂನಿಟ್ ವಿದ್ಯುತ್. ಹಾಗಾಗಿ ಒಂದು ಯೂನಿಟ್ಟಿಗೆ 0.43 ಕೆಜಿ ಕಲ್ಲಿದ್ದಲು. ಅದರಲ್ಲಿ 65% ಇಂಗಾಲವಿದ್ದರೆ (12 ಗ್ರಾಂ ಇಂಗಾಲ ಉರಿದರೆ 44 ಗ್ರಾಂ ಡೈಆಕ್ಸೈಡ್) 0.43 × 0.65 × 44/12 = ಸುಮಾರು 1.02 ಕೆಜಿ ಡೈಆಕ್ಸೈಡ್. 820ಕ್ಕಿಂತ ಇದು ಹೆಚ್ಚಾಗಲು ಮುಖ್ಯ ಕಾರಣ ದಕ್ಷತೆ: ಹಳೆಯ ಸ್ಥಾವರ ಅದೇ ಯೂನಿಟ್ಟಿಗೆ ಹೆಚ್ಚು ಕಲ್ಲಿದ್ದಲು ಉರಿಸುತ್ತದೆ. ಬೂದಿ 15% ಇದ್ದರೆ ಯೂನಿಟ್ಟಿಗೆ 65 ಗ್ರಾಂ ಬೂದಿಯೂ ಸೇರುತ್ತದೆ. ಅದರಲ್ಲಿರುವ ಆರ್ಸೆನಿಕ್, ಸೀಸ ಬೂದಿಕೊಳದಿಂದ ಅಂತರ್ಜಲಕ್ಕೆ ಇಳಿಯಬಲ್ಲವು.

ಅನಿಲ: ಸೋರಿಕೆ ಮತ್ತು ಕಾಲಾವಧಿ

ಕಲ್ಲಿದ್ದಲಿಗಿಂತ ಸುಮಾರು 40% ಕಡಿಮೆಯಿರುವ ಅನಿಲದ ಅಂಕಿ ನಿಲ್ಲುವುದು ಪೈಪು, ಬಾವಿಗಳಲ್ಲಿ ಸೋರಿಕೆ ಕಡಿಮೆಯಿದ್ದಾಗ ಮಾತ್ರ. 55% ದಕ್ಷತೆಯ ಸ್ಥಾವರಕ್ಕೆ ಒಂದು ಯೂನಿಟ್ಟಿಗೆ ಸುಮಾರು 0.13 ಕೆಜಿ ಮೀಥೇನ್ ಬೇಕು, ಉರಿದರೆ 0.36 ಕೆಜಿ ಡೈಆಕ್ಸೈಡ್. 3% ಸೋರಿದರೆ ಸುಮಾರು 4 ಗ್ರಾಂ ಮೀಥೇನ್ ನೇರವಾಗಿ ಗಾಳಿಗೆ. 100 ವರ್ಷದ ಲೆಕ್ಕದಲ್ಲಿ ಮೀಥೇನಿನ ಬಿಸಿಯೇರಿಸುವ ಬಲ ಡೈಆಕ್ಸೈಡಿನ ಸುಮಾರು 30 ಪಟ್ಟು, 20 ವರ್ಷದ ಲೆಕ್ಕದಲ್ಲಿ 80 ಪಟ್ಟಿಗೂ ಹೆಚ್ಚು. ಮೊದಲನೆಯದರಲ್ಲಿ ಮೊತ್ತ 0.48 ಕೆಜಿ, ಎರಡನೆಯದರಲ್ಲಿ 0.68. ಸ್ಥಾವರ ಬದಲಾಗಿಲ್ಲ, ಅನಿಲ ಬದಲಾಗಿಲ್ಲ. ಆಯ್ದ ಅವಧಿಯಷ್ಟೇ ಬೇರೆ. ಯಾವ ಅವಧಿ ಎಂದು ಹೇಳದ ಅಂಕಿಯನ್ನು ನಂಬಬೇಡಿ.

ಜಲವಿದ್ಯುತ್: ಸರಾಸರಿ ಮೋಸಮಾಡುವ ಜಾಗ

24 ಗ್ರಾಂ ಎಂಬುದು ಮಧ್ಯಮ ಅಂಕಿ ಮಾತ್ರ. ಅದೇ ವರದಿಯಲ್ಲಿ ಜಲವಿದ್ಯುತ್ತಿನ ವ್ಯಾಪ್ತಿ 1ರಿಂದ 2,200 ಗ್ರಾಂವರೆಗೆ ಇದೆ! ಇಷ್ಟು ಅಗಲ ಏಕೆ ಎಂಬುದನ್ನು ಎರಡು ಅಣೆಕಟ್ಟುಗಳು ತೋರಿಸುತ್ತವೆ. ಬ್ರೆಜಿಲ್‌–ಪರಾಗ್ವೆ ಗಡಿಯ ಇತೈಪು 14,000 ಮೆಗಾವಾಟ್‌ಗೆ ಸುಮಾರು 1,350 ಚದರ ಕಿಮೀ ಮುಳುಗಿಸಿತು. ಅಮೆಜಾನ್ ಕಾಡಿನ ಬಾಲ್ಬಿನಾ ಬರೀ 250 ಮೆಗಾವಾಟ್‌ಗೆ ಸುಮಾರು 2,360 ಚದರ ಕಿಮೀ ಮುಳುಗಿಸಿತು. ಮೆಗಾವಾಟ್ ಒಂದಕ್ಕೆ ಮುಳುಗಡೆ ನೂರು ಪಟ್ಟಿನಷ್ಟು ಹೆಚ್ಚು.

ಕಾರಣ ನೆಲದ ಇಳಿಜಾರು. ಆಳ ಕಣಿವೆಯಲ್ಲಿ ಕಡಿಮೆ ನೀರು ಎತ್ತರದಿಂದ ಬೀಳುತ್ತದೆ. ಸಮತಟ್ಟಿನಲ್ಲಿ ಅದೇ ವಿದ್ಯುತ್ತಿಗೆ ನೀರು ಅಗಲವಾಗಿ ಹರಡಬೇಕು. ಮುಳುಗಿದ ಮರ, ಎಲೆ, ಮಣ್ಣು ಆಮ್ಲಜನಕವಿಲ್ಲದ ತಳದಲ್ಲಿ ಕೊಳೆತು ಮೀಥೇನ್ ಬಿಡುತ್ತವೆ. ಇದು ಕೆಲವು ವರ್ಷಕ್ಕೆ ಮುಗಿಯುವುದೂ ಇಲ್ಲ: ಬೇಸಿಗೆಯಲ್ಲಿ ನೀರು ಇಳಿದಾಗ ಅಂಚಿನಲ್ಲಿ ಹುಲ್ಲು ಬೆಳೆಯುತ್ತದೆ, ಮಳೆಗಾಲದಲ್ಲಿ ಮತ್ತೆ ಮುಳುಗಿ ಕೊಳೆಯುತ್ತದೆ. ಇದಲ್ಲದೆ ಅಣೆಕಟ್ಟು ಹೂಳನ್ನು ತಡೆಹಿಡಿಯುವುದರಿಂದ ಕೆಳಗಿನ ನದೀಮುಖಜ ಭೂಮಿ ಸವೆಯುತ್ತದೆ, ವಲಸೆ ಹೋಗುವ ಮೀನಿನ ದಾರಿ ಮುಚ್ಚುತ್ತದೆ, ಊರುಗಳು ಒಕ್ಕಲೇಳುತ್ತವೆ. ಇವನ್ನು ಗ್ರಾಂಗಳಲ್ಲಿ ಬರೆಯಲು ಬರುವುದಿಲ್ಲ, ಆದ್ದರಿಂದಲೇ ಇವಕ್ಕೆ ಹೋಲಿಕೆಯ ಪಟ್ಟಿಯಲ್ಲಿ ಬೇರೆ ಕಾಲಮ್ಮು ಬೇಕು.

ಉಳಿದವು

ಅಣುಶಕ್ತಿಯ ತ್ಯಾಜ್ಯ ತೂಕದಲ್ಲಿ ಚಿಕ್ಕದು: 1,000 ಮೆಗಾವಾಟ್ ರಿಯಾಕ್ಟರಿನಿಂದ ವರ್ಷಕ್ಕೆ ಸುಮಾರು 20–30 ಟನ್ ಬಳಕೆಯಾದ ಇಂಧನ. ಆದರೆ ಅದನ್ನು ಕಾಯಬೇಕಾದ ಅವಧಿ ಸಾವಿರಾರು ವರ್ಷ. 1986ರ ಚೆರ್ನೋಬಿಲ್, 2011ರ ಫುಕುಶಿಮಾದಂಥ ಅವಘಡ ವಿರಳ. ಆದರೂ ಒಮ್ಮೆ ಆದರೆ ಊರಿಗೆ ಊರೇ ಖಾಲಿ.

ಸೌರ ಸ್ಥಾವರಕ್ಕೆ ಮೆಗಾವಾಟ್ ಒಂದಕ್ಕೆ ಸಾಮಾನ್ಯವಾಗಿ 4–5 ಎಕರೆ. ಚಾವಣಿ ಮೇಲಾದರೆ ಹೊಸ ನೆಲವೇ ಬೇಡ, ಹಾಗಾಗಿ ಸೌರದ ನೆಲದ ಹಾನಿಯನ್ನು ಒಂದೇ ಅಂಕಿಯಲ್ಲಿ ಬರೆಯುವುದು ಸರಿಯಲ್ಲ. ಗಾಳಿಯಂತ್ರಗಳ ನಡುವೆ ಬೇಸಾಯ ಮಾಡಬಹುದು. ಹಕ್ಕಿಗಳ ವಲಸೆ ದಾರಿಯಲ್ಲಿ ನಿಲ್ಲಿಸಿದರೆ ಮಾತ್ರ ಹಾನಿ ದೊಡ್ಡದು. ಜೈವಿಕ ಇಂಧನದಲ್ಲಿ ಒಂದೇ ಪ್ರಶ್ನೆ ಕೇಳಿ: ಉರಿಸಿದ್ದು ಕೃಷಿ ತ್ಯಾಜ್ಯವೋ, ಕಡಿದ ಮರವೋ? ಮರವಾದರೆ ಅದು ಬಿಟ್ಟ ಇಂಗಾಲವನ್ನು ಹೊಸ ಮರ ಹೀರಿಕೊಳ್ಳಲು ದಶಕಗಳೇ ಬೇಕು.

ಕೊನೆಯ ಹೆಜ್ಜೆ: ಮೂಲವನ್ನಲ್ಲ, ಮಿಶ್ರಣವನ್ನು ತೂಗಿ

ಸೌರ ರಾತ್ರಿ ಇಲ್ಲ. ಬೇಡಿಕೆಯ 60% ಸೌರದಿಂದ, ಉಳಿದ 40% ಅನಿಲದಿಂದ ಬಂದರೆ 0.6 × 48 + 0.4 × 490 = ಸುಮಾರು 225 ಗ್ರಾಂ. ಅದೇ 40%ಅನ್ನು ಸೌರವಿದ್ಯುತ್ತನ್ನೇ ಶೇಖರಿಸಿಟ್ಟು ಕೊಡುವುದಾದರೆ ನಷ್ಟ ಸೇರಿಸಿ. ನೀರನ್ನು ಮೇಲಕ್ಕೆ ಪಂಪ್ ಮಾಡಿಡುವ ಶೇಖರಣೆಯಲ್ಲಿ 100 ಯೂನಿಟ್ ಹಾಕಿದರೆ ಸುಮಾರು 80 ವಾಪಸು. ಆಗ 48 ಗ್ರಾಂ 60 ಆಗುತ್ತದೆ, ಒಟ್ಟು ಸರಾಸರಿ ಸುಮಾರು 53. ಶೇಖರಣಾ ವ್ಯವಸ್ಥೆ ಕಟ್ಟುವುದರ ಸ್ವಂತ ಹೊರೆಯನ್ನು ಇದಕ್ಕೆ ಕೂಡಿಸಬೇಕು. ಬ್ಯಾಟರಿಯಾದರೆ ಲಿಥಿಯಂ, ನಿಕಲ್ ಗಣಿಗಳು, ಪಂಪ್ ಶೇಖರಣೆಯಾದರೆ ಮೇಲೊಂದು ಕೆಳಗೊಂದು ಜಲಾಶಯ.